ಎಳೆಗರುಗಳ ಕೊರೊನಾ ಭೇದಿ: ಮೊದಲ ಮೂರು ವಾರದಲ್ಲಿ ಕರು ಉಳಿಸ್ಕೊಳ್ಳೋದು ಹೇಗೆ

ಚಳಿ ಶುರುವಾಯ್ತು ಅಂದ್ರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾನೇ ಇರತ್ತೆ, "ಕರು ಹುಟ್ಟಿ ಹತ್ತು ದಿನ ಆಯ್ತು, ಚೆನ್ನಾಗೇ ಹಾಲು ಕುಡೀತಿತ್ತು, ನೆನ್ನೆಯಿಂದ ಹಳದಿ ನೀರಿನ ಥರ ಉಚ್ಚಿಕೊಳ್ತಿದೆ, ಯಾವ ಮಾತ್ರೆ ಕೊಡ್ಬೇಕು?" ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡೋ ಬದಲು ಎಲ್ಲಾನೂ ಒಂದೇ ಕಡೆ ಬರೀತಿದೀನಿ. ಅವಸರದಲ್ಲಿ ಇರೋರು ಇಷ್ಟು ಮಾತ್ರ ಓದ್ಕೊಂಡು ಕೊಟ್ಟಿಗೆಗೆ ಹೋಗಿ: ಕರುನ ಕೊಲ್ಲೋದು ಹೆಚ್ಚಾಗಿ ವೈರಸ್ಸಲ್ಲ, ಮೈಯಿಂದ ಹೋದ ನೀರು ಮತ್ತೆ ಉಪ್ಪು. ಮಾತ್ರೆ ಹುಡುಕೋಕೆ ಮುಂಚೆ ಅದನ್ನ ವಾಪಸ್ ತುಂಬಿಸೋಕೆ ಶುರು ಮಾಡಿ. ಹಂತ 3 ನೋಡಿ.

ಇದು ಯಾವ ಕೊರೊನಾ?

ಕೋವಿಡ್ ಅಲ್ಲ. ಕೊರೊನಾ ಅನ್ನೋದು ಒಂದು ದೊಡ್ಡ ವೈರಸ್ ಕುಟುಂಬದ ಹೆಸರು, ಅದ್ರಲ್ಲಿ ದನಗಳಿಗೆ ಬರೋದೇ ಬೇರೆ, ಇದನ್ನ ಅಮೆರಿಕದಲ್ಲಿ 1970ರ ದಶಕದಲ್ಲೇ ಕರುಗಳ ಭೇದಿಯಲ್ಲಿ ಗುರುತಿಸಿದ್ರು, ಅಂದ್ರೆ ಕೋವಿಡ್ ಬರೋಕೆ ನಲವತ್ತೈದು ವರ್ಷಕ್ಕೂ ಮುಂಚೆ. ನಮ್ಮ ದೇಶದ ಕರುಗಳಲ್ಲೂ ಇದೆ. ದೊಡ್ಡ ಹಸುಗಳ ಮೈಯಲ್ಲೂ ಇರತ್ತೆ, ಅವಕ್ಕೆ ಚಳಿಗಾಲದಲ್ಲಿ ಒಮ್ಮೊಮ್ಮೆ ಇದ್ದಕ್ಕಿದ್ದಂಗೆ ಕೊಟ್ಟಿಗೆ ಪೂರ್ತಿ ಭೇದಿ ಆಗಿ ಹಾಲು ಇಳಿದುಬಿಡೋದು ಉಂಟು, ಆದ್ರೆ ಎಷ್ಟೋ ಸಲ ಹಸುಗೆ ಏನೂ ಆಗಿರಲ್ಲ, ಸಗಣಿಯಲ್ಲಿ ಮಾತ್ರ ವೈರಸ್ ಹೋಗ್ತಿರತ್ತೆ, ಅದೂ ಕರು ಹಾಕೋ ಹೊತ್ತಿಗೆ ಜಾಸ್ತಿ. ಅದಕ್ಕೇ "ಹೊರಗಿಂದ ಯಾವ ದನಾನೂ ತಂದಿಲ್ಲ, ಎಲ್ಲಿಂದ ಬಂತು" ಅಂತ ಕೇಳೋರಿಗೆ ಉತ್ತರ ಬಹಳ ಸಲ ತಾಯಿ ಹಸುವಿನ ಹಿಂಭಾಗದಲ್ಲೇ ಇರತ್ತೆ.

ಸಗಣಿ ಮೆತ್ತಿದ ಕೆಚ್ಚಲು, ಒದ್ದೆ ನೆಲ, ಹಿಂದಿನ ಕರು ಕುಡಿದ ಬಾಟ್ಲಿ, ನಮ್ಮ ಕೈ, ಚಪ್ಪಲಿ, ಇವುಗಳಿಂದ ಬಾಯಿಗೆ ಹೋಗತ್ತೆ. ಮೂಗಿನ ಸಿಂಬಳದಲ್ಲೂ ಇರತ್ತೆ, ಹಾಗಾಗಿ ಪಕ್ಕಪಕ್ಕ ಕಟ್ಟಿದ ಕರುಗಳು ಮೂಗಿಗೆ ಮೂಗು ತಾಗಿಸಿದ್ರೂ ಸಾಕು. ಒಳಗೆ ಹೋದ ಒಂದೆರಡು ದಿನಕ್ಕೆ ಭೇದಿ ಶುರು. ಕರುಳಿನ ಒಳಗೋಡೆ ಮೇಲೆ ಹಾಲು ಹೀರ್ಕೊಳ್ಳೋ ಸಣ್ಣ ಸಣ್ಣ ಎಳೆಗಳಿರ್ತವೆ, ವೈರಸ್ ಅವನ್ನ ಸವೆಸಿ ಹಾಕತ್ತೆ, ಸಣ್ಣ ಕರುಳು ಮಾತ್ರ ಅಲ್ಲ ದೊಡ್ಡ ಕರುಳನ್ನೂ ಬಿಡಲ್ಲ. ಆಮೇಲೆ ಕುಡಿದ ಹಾಲು ಜೀರ್ಣ ಆಗ್ದೆ ಒಳಗೇ ಹುಳಿಯಾಗಿ ಮೈಯ ನೀರನ್ನೂ ಎಳ್ಕೊಂಡು ಹೊರಗೆ ಬರತ್ತೆ. ಎಳೆಗಳು ಮತ್ತೆ ಬೆಳೀತವೆ, ನಾಲ್ಕೈದು ದಿನದಿಂದ ಒಂದು ವಾರ ಹಿಡಿಯತ್ತೆ. ಅಲ್ಲೀವರೆಗೆ ಕರುನ ಬದುಕಿಸಿಡೋದು ನಮ್ಮ ಕೆಲಸ.

ಮನೇಲಿ ಮೊದಲೇ ಇಟ್ಕೊಳ್ಳಿ

ಗಬ್ಬದ ಹಸು ಇದ್ರೆ ಕರು ಹಾಕೋಕೆ ಮುಂಚೇನೇ ಇಷ್ಟು ತಂದಿಡಿ, ರಾತ್ರಿ ಹನ್ನೊಂದಕ್ಕೆ ಮೆಡಿಕಲ್ ತೆಗೆದಿರಲ್ಲ: ಥರ್ಮಾಮೀಟರ್ (ಮನುಷ್ಯರದ್ದೇ ಆಗತ್ತೆ, ಆದ್ರೆ ದನಕ್ಕೇ ಅಂತ ಬೇರೆ ಇಡಿ), ನಿಪ್ಪಲ್ ಇರೋ ಹಾಲಿನ ಬಾಟ್ಲಿ ಎರಡು, ಅಳತೆ ಜಗ್ಗು, ಕರುಗಳ ಎಲೆಕ್ಟ್ರೋಲೈಟ್ ಪುಡಿ (ನೀರಲ್ಲಿ ಕರಗಿಸಿ ಕುಡಿಸೋ ಲವಣಗಳ ಪುಡಿ) ಸಿಕ್ಕಿದ್ರೆ ಅದು, ಇಲ್ದಿದ್ರೆ ಒಂದು ಲೀಟರಿಗೆ ಹಾಕೋ ಓಆರ್‌ಎಸ್ ಪ್ಯಾಕೆಟ್ ಹತ್ತು, ಟಿಂಚರ್ ಅಯೋಡಿನ್, ವಾಷಿಂಗ್ ಸೋಡಾ, ಒಂದೆರಡು ಹಳೇ ಗೋಣಿಚೀಲ. ಎಲ್ಲಾ ಸೇರಿದ್ರೂ ಒಂದು ಕರುವಿನ ಬೆಲೆ ಮುಂದೆ ಏನೂ ಅಲ್ಲ.

ಹಂತ 1: ಕರುಗೆ ಎಷ್ಟು ದಿನ ಅಂತ ಲೆಕ್ಕ ಹಾಕಿ

ಭೇದಿ ನೋಡಿದ ತಕ್ಷಣ ಕೊರೊನಾ ಅಂತ ಹೇಳೋಕೆ ಆಗಲ್ಲ, ಬಣ್ಣ ನೋಡಿ ಹೇಳ್ತೀನಿ ಅನ್ನೋರನ್ನ ನಂಬಬೇಡಿ. ವಯಸ್ಸು ಮಾತ್ರ ಒಳ್ಳೆ ಸುಳಿವು ಕೊಡತ್ತೆ. ಹುಟ್ಟಿದ ಮೊದಲ ನಾಲ್ಕು ದಿನದಲ್ಲೇ ಜೋರಾಗಿ ಶುರುವಾದ್ರೆ ಈ-ಕೋಲೈ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ಅದು ಬಹಳ ಬೇಗ ಕರು ಕೆಡವತ್ತೆ. ಐದನೇ ದಿನದಿಂದ ಎರಡು ವಾರದೊಳಗೆ ಅಂದ್ರೆ ರೋಟಾ ವೈರಸ್, ಒಂದರಿಂದ ಮೂರು ವಾರದ ಮಧ್ಯ ಅಂದ್ರೆ ಕೊರೊನಾ, ಇದೇ ಟೈಮಲ್ಲಿ ಕ್ರಿಪ್ಟೋ ಅಂತ ಒಂದು ಪರಾವಲಂಬಿ ಜೀವೀನೂ ಬರತ್ತೆ. ಮೂರು ವಾರ ದಾಟಿ ರಕ್ತ ಬೆರೆತ ಭೇದಿ ಆದ್ರೆ ಕಾಕ್ಸಿಡಿಯಾ ಅನ್ನೋ ಇನ್ನೊಂದು ಪರಾವಲಂಬಿ ನೆನಪಾಗ್ಬೇಕು. ಎಷ್ಟೋ ಕರುಗಳಲ್ಲಿ ಇವುಗಳಲ್ಲಿ ಎರಡು ಮೂರು ಒಟ್ಟಿಗೇ ಇರ್ತವೆ.

ಕೊರೊನಾದಲ್ಲಿ ಸಾಮಾನ್ಯವಾಗಿ ಹಳದಿ ನೀರು, ಅದ್ರಲ್ಲಿ ಒಡೆದ ಹಾಲಿನ ಚೂರು, ಲೋಳೆ ಲೋಳೆ. ಜ್ವರ ಜೋರಾಗಿರಲ್ಲ. ಕೆಲವು ಕರುಗೆ ಸ್ವಲ್ಪ ಮೂಗು ಸೋರೋದು, ಕೆಮ್ಮು ಜೊತೆಗಿರತ್ತೆ.

ಹಾಲು ಜಾಸ್ತಿ ಕುಡಿದು ಸ್ವಲ್ಪ ಮೆತ್ತಗೆ ಹಾಕಿದ್ರೆ ಅದು ಬೇರೆ, ಕರು ಚುರುಕಾಗಿರತ್ತೆ, ಬಾಲ ಎತ್ಕೊಂಡು ಓಡಾಡ್ತಿರತ್ತೆ, ಅದಕ್ಕೆ ಗಾಬರಿ ಬೇಡ. ನೀರಾಗಿ ಹೋಗಿ ಬಾಲ, ಹಿಂಗಾಲು ಎಲ್ಲಾ ಒದ್ದೆ ಆಗಿದ್ರೆ ಕಾಯಬೇಡಿ.

ಹಂತ 2: ಎಷ್ಟು ನೀರು ಕಳ್ಕೊಂಡಿದೆ ನೋಡಿ

ಇದಕ್ಕೆ ಎರಡು ನಿಮಿಷ ಸಾಕು. ಕುತ್ತಿಗೆ ಪಕ್ಕದ ಚರ್ಮ ಎರಡು ಬೆರಳಲ್ಲಿ ಹಿಡಿದು ಎತ್ತಿ ಬಿಡಿ. ತಕ್ಷಣ ಮೊದಲಿನ ಥರ ಕೂತ್ರೆ ಪರವಾಗಿಲ್ಲ, ಎರಡು ಸೆಕೆಂಡ್ ಮೇಲೆ ಮಡಿಕೆ ಹಾಗೇ ನಿಂತ್ರೆ ನೀರು ಕಮ್ಮಿ ಆಗಿದೆ, ಐದಾರು ಸೆಕೆಂಡ್ ನಿಂತ್ರೆ ತುಂಬಾ ಕಮ್ಮಿ ಆಗಿದೆ. ಆಮೇಲೆ ಕಣ್ಣು, ಗುಡ್ಡೆಗೂ ರೆಪ್ಪೆಗೂ ಮಧ್ಯ ಸಂದಿ ಕಾಣ್ತಿದ್ರೆ ಕಣ್ಣು ಒಳಗೆ ಹೋಗ್ತಿದೆ ಅಂತ ಅರ್ಥ. ಬಾಯೊಳಗೆ ಬೆರಳಿಡಿ: ಒಸಡು ಒದ್ದೆ ಇದ್ಯಾ, ಬೆಚ್ಚಗಿದ್ಯಾ, ಬೆರಳು ಚೀಪತ್ತಾ? ಕೊನೆಗೆ ಗುದದಲ್ಲಿ ಥರ್ಮಾಮೀಟರ್, ಎಳೆಗರುಗೆ 101ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಸರಿಯಾದದ್ದು. 103ಕ್ಕಿಂತ ಜಾಸ್ತಿ ಅಂದ್ರೆ ಜ್ವರ, 100ಕ್ಕಿಂತ ಕೆಳಗೆ ಇಳಿದಿದ್ರೆ ಅದು ಜ್ವರಕ್ಕಿಂತ ಕೆಟ್ಟದ್ದು.

ನಿಂತ್ಕೊಂಡಿದೆ, ಬೆರಳು ಚೀಪತ್ತೆ ಅಂದ್ರೆ ಮನೇಲೇ ಹಂತ 3 ಶುರು ಮಾಡಿ. ಎದ್ದು ನಿಲ್ಲಲ್ಲ, ಚೀಪಲ್ಲ, ಬಾಯಿ ಕಾಲು ತಣ್ಣಗಿದೆ ಅಂದ್ರೆ ಬಾಯಿಂದ ಏನೂ ಹಾಕೋಕೆ ಹೋಗ್ಬೇಡಿ, ಈಗಲೇ ಡಾಕ್ಟ್ರಿಗೆ ಫೋನ್ ಮಾಡಿ, ಅದಕ್ಕೆ ರಕ್ತನಾಳದ ಮೂಲಕ ಡ್ರಿಪ್ ಬೇಕು. ಕರ್ನಾಟಕದಲ್ಲಿ 1962ಕ್ಕೆ ಫೋನ್ ಮಾಡಿದ್ರೆ ಪಶು ಸಂಜೀವಿನಿ ಗಾಡಿ ಮನೆ ಹತ್ರ ಬರೋ ವ್ಯವಸ್ಥೆ ಇದೆ, ನಿಮ್ಮ ಊರಿನ ಪಶು ಆಸ್ಪತ್ರೆ ನಂಬರ್ ಜೊತೆ ಅದನ್ನೂ ಫೋನಲ್ಲಿ ಸೇವ್ ಮಾಡ್ಕೊಳ್ಳಿ.

ಇಲ್ಲಿ ಬಹಳ ಜನ ಮೋಸ ಹೋಗೋ ಜಾಗ ಒಂದಿದೆ. ಒಂದು ವಾರ ದಾಟಿದ ಕರುಗೆ ಕಣ್ಣು ಅಷ್ಟೇನೂ ಒಳಗೆ ಹೋಗಿರಲ್ಲ, ಚರ್ಮಾನೂ ಸುಮಾರಾಗಿ ಕೂರತ್ತೆ, ಆದ್ರೆ ಕರು ತೂರಾಡ್ತಾ ನಡೆಯತ್ತೆ, ಮಂಕಾಗಿ ತಲೆ ತಗ್ಗಿಸಿ ನಿಂತಿರತ್ತೆ, ಬಾಟ್ಲಿ ಕೊಟ್ರೆ ಮುಖ ತಿರುಗಿಸತ್ತೆ. ಇದು ಅಸಿಡೋಸಿಸ್, ಅಂದ್ರೆ ರಕ್ತದಲ್ಲಿ ಆಮ್ಲ ಏರಿರೋದು, ಭೇದಿ ಜೊತೆ ಮೈಯೊಳಗಿನ ಬೈಕಾರ್ಬೊನೇಟ್ ಹೊರಗೆ ಹೋಗೋದ್ರಿಂದ ಹೀಗಾಗತ್ತೆ. ಕಣ್ಣು ಚೆನ್ನಾಗಿದೆಯಲ್ಲ ಅಂತ ಸಂಜೆವರೆಗೆ ಕಾದ್ರೆ ರಾತ್ರಿ ಕರು ಮಲಗಿಬಿಡತ್ತೆ.

ಹಂತ 3: ನೀರು, ಉಪ್ಪು ತುಂಬಿಸಿ

ಮೊದಲು ಲೆಕ್ಕ. 30 ಕಿಲೋ ತೂಕದ ಎಚ್‌ಎಫ್ ಕ್ರಾಸ್ (ಹೋಲ್‌ಸ್ಟೀನ್ ಫ್ರೀಷಿಯನ್ ಮಿಶ್ರತಳಿ) ಕರು ಅಂತಿಟ್ಕೊಳ್ಳಿ, ತೂಕದ ನೂರಕ್ಕೆ 8ರಷ್ಟು ನೀರು ಕಳ್ಕೊಂಡಿದ್ರೆ ಹತ್ರಹತ್ರ ಎರಡೂವರೆ ಲೀಟರ್ ಆಗ್ಲೇ ಹೋಗಿದೆ. ದಿನಾ ಮೈಗೆ ಬೇಕಾಗೋದು ಬೇರೆ, ಇನ್ನೂ ಭೇದಿಯಲ್ಲಿ ಹೋಗ್ತಾ ಇರೋದು ಬೇರೆ. ಹಾಗಾಗಿ ಹಾಲು ಬಿಟ್ಟು ದಿನಕ್ಕೆ ನಾಲ್ಕರಿಂದ ಆರು ಲೀಟರ್ ಎಲೆಕ್ಟ್ರೋಲೈಟ್ ನೀರು ಬೇಕಾಗಬಹುದು. ಒಂದು ಪ್ಯಾಕೆಟ್ ಓಆರ್‌ಎಸ್ ಒಂದು ಲೋಟಕ್ಕೆ ಕಲಸಿ ಕುಡಿಸಿ "ಕೊಟ್ಟೆ, ಏನೂ ಪ್ರಯೋಜನ ಆಗ್ಲಿಲ್ಲ" ಅನ್ನೋರು ಇದನ್ನ ಗಮನಿಸಿ.

ಒಂದು ಸಲಕ್ಕೆ ಒಂದೂವರೆಯಿಂದ ಎರಡು ಲೀಟರ್, ದಿನಕ್ಕೆ ಎರಡು ಮೂರು ಸಲ. ಮುಟ್ಟಿದ್ರೆ ಬೆಚ್ಚಗಿರ್ಬೇಕು, ಸುಡಬಾರದು. ಚಿಕ್ಕ ಕರು ಆದ್ರೆ, ಮಲೆನಾಡು ಗಿಡ್ಡ ಥರದ್ದು, ತೂಕಕ್ಕೆ ತಕ್ಕಂಗೆ ಕಮ್ಮಿ ಮಾಡಿ.

ಏನು ಕೊಡ್ಬೇಕು? ಕರುಗಳಿಗೇ ಅಂತ ಮಾಡಿದ ಎಲೆಕ್ಟ್ರೋಲೈಟ್ ಪುಡಿ ಎಲ್ಲಕ್ಕಿಂತ ಒಳ್ಳೇದು, ಅದ್ರಲ್ಲಿ ಸೋಡಿಯಂ ಜಾಸ್ತಿ ಇರತ್ತೆ, ಆಮ್ಲ ಇಳಿಸೋ ಅಂಶಾನೂ ಇರತ್ತೆ. ಸಿಗ್ಲಿಲ್ಲ ಅಂದ್ರೆ ಮನುಷ್ಯರ ಓಆರ್‌ಎಸ್ ಪ್ಯಾಕೆಟ್, ಮೇಲೆ ಬರೆದಷ್ಟೇ ನೀರಿಗೆ. ಅದೂ ಇಲ್ಲ, ಅಂಗಡಿ ಬೆಳಿಗ್ಗೆನೇ ತೆಗಿಯೋದು ಅಂದ್ರೆ ಆ ರಾತ್ರಿ ಮಟ್ಟಿಗೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮೂರೂವರೆ ಗ್ರಾಂ ಅಡುಗೆ ಉಪ್ಪು (ಟೀ ಚಮಚದಲ್ಲಿ ಅರ್ಧಕ್ಕಿಂತ ಚೂರು ಜಾಸ್ತಿ), ಎರಡೂವರೆ ಗ್ರಾಂ ಅಡುಗೆ ಸೋಡಾ (ಮಟ್ಟಸವಾಗಿ ಅರ್ಧ ಟೀ ಚಮಚ), 20 ಗ್ರಾಂ ಸಾದಾ ಗ್ಲೂಕೋಸ್ ಪುಡಿ (ಎರಡು ದೊಡ್ಡ ಚಮಚ). ಉಪ್ಪು ಕೈಯಳತೆಯಲ್ಲಿ ಹಾಕಬೇಡಿ, ಜಾಸ್ತಿ ಆದ್ರೆ ಅದೇ ವಿಷ ಆಗತ್ತೆ. ಪಕ್ಕದಲ್ಲಿ ಬರೀ ನೀರೂ ಬಕೆಟ್ಟಲ್ಲಿ ಇಡಿ, ಬೇಕಾದ್ರೆ ಕುಡಿಯತ್ತೆ.

ಈಗ ಏನು ಕೊಡಬಾರದು ಅನ್ನೋದು, ಇದನ್ನ ದಯವಿಟ್ಟು ಪೂರ್ತಿ ಓದಿ, ಯಾಕಂದ್ರೆ ಪ್ರೀತಿಯಿಂದಾನೇ ಮಾಡೋ ತಪ್ಪುಗಳು ಇವು.

ಬೆಲ್ಲದ ನೀರು, ಸಕ್ಕರೆ ನೀರು ಬೇಡ. ಮಕ್ಕಳಿಗೆ ಉಪ್ಪು ಸಕ್ಕರೆ ನೀರು ಕೊಡ್ತೀವಲ್ಲ ಅಂತ ಕರುಗೂ ಕೊಡ್ತಾರೆ. ಆದ್ರೆ ಸಕ್ಕರೆ ಒಡೆಯೋ ಕಿಣ್ವ, ಅಂದ್ರೆ ಜೀರ್ಣ ಮಾಡೋ ರಸ, ಕರುವಿನ ಕರುಳಲ್ಲಿ ಇಲ್ಲವೇ ಇಲ್ಲ, ಆ ಸಕ್ಕರೆ ಹಾಗೇ ಉಳಿದು ಇನ್ನಷ್ಟು ನೀರು ಎಳೆದು ಭೇದಿ ಜಾಸ್ತಿ ಮಾಡತ್ತೆ. ಗ್ಲೂಕೋಸ್ ಪುಡಿ ತರೋವಾಗ್ಲೂ ಬಣ್ಣ, ಹಣ್ಣಿನ ರುಚಿ ಹಾಕಿದ್ದು ತರಬೇಡಿ, ಅಂಥವುಗಳಲ್ಲಿ ಸಕ್ಕರೆ ಸೇರಿರಬಹುದು.

ಎಳನೀರು ಬೇಡ. ಅದ್ರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಬಹಳ ಕಮ್ಮಿ. ಆಮ್ಲ ಏರಿದ ಕರುವಿನ ರಕ್ತದಲ್ಲಿ ಮೊದ್ಲೇ ಪೊಟ್ಯಾಸಿಯಂ ಏರಿರತ್ತೆ, ಅದು ಹೃದಯದ ಬಡಿತ ಕೆಡಿಸತ್ತೆ.

ಗಂಜಿ, ರಾಗಿ ಅಂಬಲಿನೂ ಈ ವಯಸ್ಸಿಗೆ ಬೇಡ, ಪಿಷ್ಟ ಜೀರ್ಣ ಮಾಡೋ ಶಕ್ತಿ ಮೊದಲ ವಾರಗಳಲ್ಲಿ ಬಂದಿರಲ್ಲ.

ಕುಡಿಸೋದು ನಿಪ್ಪಲ್ ಬಾಟ್ಲಿಯಲ್ಲೇ, ಕರು ನಿಂತಿರೋವಾಗ, ತಲೆ ತಾಯಿ ಕೆಚ್ಚಲಿಗೆ ಚಾಚಿದಷ್ಟೇ ಎತ್ತರ. ಗೊಟ್ಟದಲ್ಲಿ, ಅಂದ್ರೆ ಬಿದಿರಿನ ಕೊಳವೆಯಲ್ಲಿ, ಹುಯ್ಯೋದು ಮಾತ್ರ ಬೇಡ. ದೊಡ್ಡ ದನಕ್ಕೆ ಅಭ್ಯಾಸ ಇರೋರು ಕರುಗೂ ತಲೆ ಎತ್ತಿ ಗೊಟ್ಟ ಹಾಕ್ತಾರೆ, ಶಕ್ತಿ ಇಲ್ಲದ ಕರು ನುಂಗೋಕಾಗ್ದೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ ಸಾಯತ್ತೆ, ಮನೆಯೋರು ಭೇದಿಯಿಂದ ಸತ್ತಿತು ಅಂದ್ಕೋತಾರೆ. ಹೊಟ್ಟೆಗೆ ಟ್ಯೂಬ್ ಹಾಕಿ ಕೊಡೋದು ಕಲೀಬಹುದು, ಆದ್ರೆ ಡಾಕ್ಟ್ರ ಹತ್ರ ಕೈ ಹಿಡಿಸ್ಕೊಂಡು ಕಲೀರಿ, ವಿಡಿಯೋ ನೋಡಿ ಬೇಡ.

ಹಂತ 4: ಹಾಲು ನಿಲ್ಲಿಸಬೇಡಿ

"ಹಾಲಿಂದಾನೇ ಭೇದಿ, ಎರಡು ದಿನ ಹಾಲು ಬಿಡಿಸಿ" ಅನ್ನೋ ಸಲಹೆ ಇನ್ನೂ ಹಳ್ಳಿಹಳ್ಳಿಯಲ್ಲಿ ಓಡಾಡ್ತಿದೆ. ಓಆರ್‌ಎಸ್ ನೀರು ತುಂಬಿಸತ್ತೆ, ಹೊಟ್ಟೆ ತುಂಬಿಸಲ್ಲ. ಎಳೆಗರು ಮೈಯಲ್ಲಿ ಕೊಬ್ಬಿನ ದಾಸ್ತಾನು ತೀರಾ ಕಮ್ಮಿ, ಚಳಿಯಲ್ಲಿ ಹಾಲಿಲ್ದೆ ಎರಡು ದಿನ ಇಟ್ರೆ ಭೇದಿ ನಿಲ್ಲೋಕೆ ಮುಂಚೆ ಕರು ಸೋತುಹೋಗತ್ತೆ, ಸವೆದ ಕರುಳು ಮತ್ತೆ ಬೆಳೆಯೋಕೂ ಹಾಲಿನ ಸತ್ವಾನೇ ಬೇಕು. ತೂಕದ ಹತ್ತನೇ ಒಂದು ಭಾಗ, ಅಂದ್ರೆ 30 ಕಿಲೋ ಕರುಗೆ ದಿನಕ್ಕೆ ಮೂರು ಲೀಟರ್, ಅದನ್ನ ಮೂರು ನಾಲ್ಕು ಸಲ ಹಂಚಿ ಕೊಡಿ.

ಹಾಲಿಗೆ ಎಲೆಕ್ಟ್ರೋಲೈಟ್ ಬೆರೆಸ್ಬೇಡಿ, ಅದರ ಸೋಡಾ ಅಂಶದಿಂದ ಹಾಲು ಹೊಟ್ಟೆಯಲ್ಲಿ ಸರಿಯಾಗಿ ಗಟ್ಟಿ ಆಗಲ್ಲ. ಹಾಲಿಗೂ ಅದಕ್ಕೂ ಎರಡು ಗಂಟೆ ಆದ್ರೂ ಅಂತರ ಇರಲಿ. ಬೆಳಿಗ್ಗೆ ಆರಕ್ಕೆ ಹಾಲು, ಹತ್ತಕ್ಕೆ ಎಲೆಕ್ಟ್ರೋಲೈಟ್, ಮಧ್ಯಾಹ್ನ ಒಂದಕ್ಕೆ ಹಾಲು, ನಾಲ್ಕಕ್ಕೆ ಎಲೆಕ್ಟ್ರೋಲೈಟ್, ಏಳಕ್ಕೆ ಹಾಲು, ಮಲಗೋ ಮುಂಚೆ ಇನ್ನೊಂದು ಸಲ ಎಲೆಕ್ಟ್ರೋಲೈಟ್, ಹೀಗೆ. ತಾಯಿ ಹತ್ರಾನೇ ಕುಡಿಯೋ ಕರು ಆದ್ರೆ ಕೆಚ್ಚಲು ತೊಳೆದು ಒರೆಸಿ ಬಿಡಿ. ಈ ಒಂದು ವಾರ ಡೈರಿಗೆ ಹಾಕೋ ಹಾಲು ಎರಡು ಮೂರು ಲೀಟರ್ ಕಮ್ಮಿ ಆಗತ್ತೆ, ಆಗಲಿ. ಹೋರಿಗರು ಅಂತ ಇದನ್ನ ಬಿಟ್ಟುಬಿಡೋರು ಇದಾರೆ, ಅದಕ್ಕೂ ನೋವು ಅಷ್ಟೇ ಆಗತ್ತೆ, ಅದು ಹರಡೋ ವೈರಸ್ಸೂ ಅಷ್ಟೇ.

ಹಂತ 5: ಬೆಚ್ಚಗೆ, ಒಣಗಿರೋ ಕಡೆ

ದಪ್ಪಗೆ ಒಣ ಬತ್ತದ ಹುಲ್ಲು ಹಾಸಿ, ಮೇಲೆ ಗೋಣಿಚೀಲ ಹೊದಿಸಿ. ನಿಮ್ಮ ಮಂಡಿ ಊರಿ ನೋಡಿ, ಪಂಚೆ ಒದ್ದೆ ಆದ್ರೆ ಹಾಸಿಗೆ ಬದಲಾಯಿಸಿ. ಬರೀ ರಬ್ಬರ್ ಮ್ಯಾಟ್ ಮೇಲೆ ಮಲಗಿಸ್ಬೇಡಿ. ಬಾಲ, ಹಿಂಗಾಲು ಬಿಸಿನೀರಲ್ಲಿ ಒರೆಸಿ ಒಣಗಿಸಿ, ಇಲ್ದಿದ್ರೆ ಚರ್ಮ ಸುಟ್ಟಂಗಾಗಿ ಕೂದಲು ಉದುರತ್ತೆ.

ಹಂತ 6: ಆಂಟಿಬಯೋಟಿಕ್ ಬೇಕಾ?

ವೈರಸ್ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ. ಮೆಡಿಕಲ್ ಅಂಗಡಿಯಲ್ಲಿ "ಕರು ಭೇದಿಗೆ" ಅಂತ ಕೇಳಿ ತಂದ ಮಾತ್ರೆ ಬಾಯಿಗೆ ಹಾಕಿದ್ರೆ ಕರುಳಲ್ಲಿರೋ ಒಳ್ಳೆ ಸೂಕ್ಷ್ಮಜೀವಿಗಳೂ ಸಾಯ್ತವೆ. ಭೇದಿ ಕಟ್ಟಿಹಾಕೋ ಮನುಷ್ಯರ ಮಾತ್ರೇನೂ ಬೇಡ, ಅದು ಕರುಳಿನ ಚಲನೆ ನಿಲ್ಲಿಸತ್ತೆ, ಹೊಲಸು ಒಳಗೇ ಉಳಿಯತ್ತೆ.

ಹಾಗಂತ ಡಾಕ್ಟ್ರು ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ರೆ ಬೇಡ ಅನ್ಬೇಡಿ. ಜ್ವರ ಇದ್ರೆ, ಸಗಣಿಯಲ್ಲಿ ರಕ್ತ ಇದ್ರೆ, ಹೊಕ್ಕುಳು ಊದಿದ್ರೆ, ಕರು ಏಳ್ತಾನೇ ಇಲ್ಲ ಅಂದ್ರೆ, ಸವೆದ ಕರುಳಿನ ಮೂಲಕ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿರೋ ಸಾಧ್ಯತೆ ಇರತ್ತೆ, ಆಗ ಬೇಕು. ಅದನ್ನ ನಿರ್ಧಾರ ಮಾಡೋರು ಅವರು. ನೀವು ಅವರಿಗೆ ಹೇಳ್ಬೇಕಾದ್ದು: ಎಷ್ಟು ದಿನದ ಕರು, ಯಾವಾಗ ಶುರುವಾಯ್ತು, ಟೆಂಪರೇಚರ್ ಎಷ್ಟು, ಚೀಪತ್ತಾ ಇಲ್ವಾ, ಕೊನೇ ಸಲ ಉಚ್ಚೆ ಹುಯ್ದಿದ್ದು ಯಾವಾಗ, ಗಿಣ್ಣು ಎಷ್ಟು ಕುಡಿದಿತ್ತು, ಇಲ್ಲೀವರೆಗೆ ಏನೇನು ಕೊಟ್ಟಿದೀರ. ಏನಾದ್ರೂ ಮಾತ್ರೆ ಕೊಟ್ಟಿದ್ರೆ ಮುಚ್ಚಿಡಬೇಡಿ.

ಒಂದೇ ಕೊಟ್ಟಿಗೆಯಲ್ಲಿ ಸಾಲಾಗಿ ಎರಡು ಮೂರು ಕರುಗೆ ಬಂದ್ರೆ ಸಗಣಿ ಪರೀಕ್ಷೆ ಮಾಡಿಸೋಣ ಅಂತ ನೀವೇ ಕೇಳಿ. ಭೇದಿ ಶುರುವಾದ ಮೊದಲ ಒಂದೆರಡು ದಿನದ ಸಗಣಿ, ನೆಲದಿಂದ ಬಾಚಿದ್ದಲ್ಲ, ಗುದದಿಂದಲೇ ಶುದ್ಧ ಡಬ್ಬಿಗೆ ಹಿಡಿದಿದ್ದು, ಐಸ್ ಜೊತೆ ಕಳಿಸ್ಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರೋ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ರೋಗ ಪತ್ತೆ ಕೆಲಸ ಮಾಡತ್ತೆ, ಸ್ಯಾಂಪಲ್ ಎಲ್ಲಿಗೆ ಕಳಿಸ್ಬೇಕು ಅಂತ ನಿಮ್ಮ ಡಾಕ್ಟ್ರೇ ಹೇಳ್ತಾರೆ.

ಹಂತ 7: ಬೇರೆ ಕಟ್ಟಿ, ತೊಳೀರಿ

ಭೇದಿ ಕರುನ ಬೇರೆ ಕರುಗಳ ಮೂಗು ತಾಗದಷ್ಟು ದೂರ ಕಟ್ಟಿ. ಮೊದಲು ಚೆನ್ನಾಗಿರೋ ಕರುಗಳ ಕೆಲಸ ಮುಗಿಸಿ, ಕೊನೆಗೆ ಇದರ ಹತ್ರ ಹೋಗಿ, ಆಮೇಲೆ ವಾಪಸ್ ಅವುಗಳ ಹತ್ರ ಹೋಗ್ಬೇಡಿ. ಬಾಟ್ಲಿ, ಬಕೆಟ್, ಹಗ್ಗ ಬೇರೆ ಇರಲಿ.

ಈ ವೈರಸ್ಸಿನ ಮೈಸುತ್ತ ಕೊಬ್ಬಿನ ಪೊರೆ ಇರತ್ತೆ, ಸೋಪಿಗೆ ಅದು ಒಡೆದುಹೋಗತ್ತೆ, ಬಿಸಿಲಿಗೆ, ಒಣಗಿದ್ರೆ ಬೇಗ ಸಾಯತ್ತೆ, ತಂಪು ಮತ್ತೆ ಒದ್ದೆ ಇದ್ರೆ ಬಹಳ ದಿನ ಉಳಿಯತ್ತೆ. ನಮ್ಮ ಕಡೆ ಮಳೆಗಾಲ, ಚಳಿಗಾಲದಲ್ಲೇ ಜಾಸ್ತಿ ಕಾಟ ಯಾಕೆ ಅಂತ ಇದ್ರಲ್ಲೇ ಗೊತ್ತಾಗತ್ತೆ. ಆದ್ರೆ ಸಗಣಿ ಮೇಲೇ ಬ್ಲೀಚಿಂಗ್ ಪೌಡರ್ ಉದುರಿಸಿ ಹೋದ್ರೆ ಏನೂ ಆಗಲ್ಲ, ಸಗಣಿ ಅದರ ಶಕ್ತಿ ತಿಂದುಹಾಕತ್ತೆ. ಮೊದಲು ಸಗಣಿ, ಹುಲ್ಲು ಪೂರ್ತಿ ಬಾಚಿ, ಸೋಪು ನೀರಲ್ಲಿ ಉಜ್ಜಿ ತೊಳೆದು, ಆಮೇಲೆ ಹತ್ತು ಲೀಟರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರು ಹಾಕಿ ಬಿಡಿ, ಸ್ವಲ್ಪ ಹೊತ್ತಾದ್ಮೇಲೆ ತೊಳೆದು ಒಣಗಿಸಿ. ನಿಪ್ಪಲ್, ಬಾಟ್ಲಿ ಪ್ರತಿ ಸಲ ಸೋಪಲ್ಲಿ ಉಜ್ಜಿ ಕುದಿಯೋ ನೀರಲ್ಲಿ ಅದ್ದಿ.

ವಾಸಿಯಾದ ಕರುನ ಮಾರನೇ ದಿನಾನೇ ಹೊಸ ಕರು ಪಕ್ಕ ಕಟ್ಟಬೇಡಿ. ಭೇದಿ ನಿಂತ ಮೇಲೂ ಕೆಲವು ವಾರ ಸ್ವಲ್ಪ ಸ್ವಲ್ಪ ವೈರಸ್ ಹೊರಗೆ ಬರ್ತಿರತ್ತೆ.

ಹಂತ 8: ಮುಂದಿನ ಕರುಗೆ ಬರದಂಗೆ

ಗಿಣ್ಣು. ಮೊದಲ ಹಾಲು. ಮೇಲೆ ಹೇಳಿದ ಏಳು ಹಂತದ ಕಷ್ಟ ತಪ್ಪಿಸೋಕೆ ಇದಕ್ಕಿಂತ ದೊಡ್ಡದು ನಮ್ಮ ಕೈಯಲ್ಲಿ ಇನ್ನೊಂದಿಲ್ಲ. ಹಸುವಿನ ಹೊಟ್ಟೆಯಲ್ಲಿದ್ದಾಗ ಕರುಗೆ ತಾಯಿಯ ರೋಗನಿರೋಧಕ ಶಕ್ತಿ ದಾಟಲ್ಲ, ಅದೆಲ್ಲಾ ಗಿಣ್ಣು ಹಾಲಿನ ಮೂಲಕಾನೇ ಬರ್ಬೇಕು, ಕರುಳು ಅದನ್ನ ಹಾಗೇ ರಕ್ತಕ್ಕೆ ಬಿಟ್ಕೊಳ್ಳೋದು ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ, ಆರು ಗಂಟೆ ಆದ್ಮೇಲೆ ಕಮ್ಮಿ ಆಗ್ತಾ 24 ಗಂಟೆಗೆ ಬಾಗಿಲು ಮುಚ್ಚಿಹೋಗತ್ತೆ. ಹಾಗಾಗಿ ಎರಡು ಗಂಟೆ ಒಳಗೆ ತೂಕದ ಹತ್ತನೇ ಒಂದು ಭಾಗ, 30 ಕಿಲೋ ಕರುಗೆ ಮೂರು ಲೀಟರ್, ಒಂದೇ ಸಲ ಕುಡಿಯದಿದ್ರೆ ಎರಡು ಸಲಕ್ಕೆ. ಹನ್ನೆರಡು ಗಂಟೆ ಒಳಗೆ ಇನ್ನೂ ಒಂದೂವರೆ ಎರಡು ಲೀಟರ್.

"ಸತ್ತೆ (ಮಾಸು) ಬೀಳೋವರೆಗೆ ಹಾಲು ಕುಡಿಸ್ಬಾರದು" ಅನ್ನೋದು ಹಿರಿಯರು ಹೇಳ್ತಾ ಬಂದಿರೋ ಮಾತು, ಅವರ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ಇದನ್ನ ಬಿಟ್ಟುಬಿಡಿ. ಸತ್ತೆ ಬೀಳೋಕೆ ಎಂಟು ಗಂಟೆ ಆಗಬಹುದು, ಅಷ್ಟರಲ್ಲಿ ಒಳ್ಳೆ ಸಮಯ ಕಳೆದುಹೋಗಿರತ್ತೆ. ಕರು ಚೀಪಿದ್ರೆ ಗರ್ಭಕೋಶ ಕುಗ್ಗಿ ಸತ್ತೆ ಬೀಳೋಕೆ ಸಹಾಯಾನೇ ಆಗತ್ತೆ. ಗಿಣ್ಣು ಮಾಡಿ ನೆಂಟರಿಗೆ ಪಕ್ಕದ ಮನೆಗೆ ಹಂಚೋದು ನಮ್ಮಲ್ಲಿ ಎಲ್ಲರಿಗೂ ಇಷ್ಟ, ಹಂಚಿ, ಆದ್ರೆ ಮೊದಲ ಸಲ ಕರೆದ ಹಾಲು ಪೂರ್ತಿ ಕರುದು, ಮಿಕ್ಕಿದ್ದು ಆಮೇಲಿಂದು. ಮಿಕ್ಕಿದ ಗಿಣ್ಣು ಹಾಲು ಇದ್ರೆ ಮುಂದಿನ ಎರಡು ವಾರ ಕರುಗೆ ದಿನಾ ಸ್ವಲ್ಪ ಕೊಡೋದೂ ಒಳ್ಳೇದು, ರಕ್ತಕ್ಕೆ ಹೋಗದಿದ್ರೂ ಕರುಳಿನೊಳಗೇ ವೈರಸ್ಸನ್ನ ಹಿಡಿದು ನಿಲ್ಲಿಸತ್ತೆ. ಸಣ್ಣ ಬಾಟ್ಲಿಗಳಲ್ಲಿ ಫ್ರೀಜರಲ್ಲಿಟ್ಟು, ಕೊಡೋವಾಗ ಬಿಸಿನೀರಲ್ಲಿ ಬಾಟ್ಲಿ ಇಟ್ಟು ಕರಗಿಸಿ, ಒಲೆ ಮೇಲೆ ಕುದಿಸಿದ್ರೆ ಒಳಗಿನ ಸತ್ವ ಹೋಗತ್ತೆ.

ಕರು ಹಾಕೋ ಜಾಗ ಒಣಗಿರಲಿ, ಹಸುವಿನ ಹಿಂಭಾಗ, ಕೆಚ್ಚಲು ತೊಳೆದಿರಲಿ, ಹೊಕ್ಕುಳ ಬಳ್ಳಿ ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ದೊಡ್ಡ ಹಸುಗಳ ಸಗಣಿ ಗಂಜಲ ಹರಿಯೋ ಕಡೆ ಕರು ಕಟ್ಟಬೇಡಿ. ಹೊರದೇಶಗಳಲ್ಲಿ ರೋಟಾ, ಕೊರೊನಾ, ಈ-ಕೋಲೈ ಮೂರೂ ಸೇರಿಸಿದ ಲಸಿಕೆನ ಗಬ್ಬದ ಹಸುವಿಗೆ ಕೊನೇ ತಿಂಗಳುಗಳಲ್ಲಿ ಹಾಕ್ತಾರೆ, ದೊಡ್ಡ ಫಾರಂ ಇಟ್ಟಿರೋರು ಡಾಕ್ಟ್ರ ಹತ್ರ ವಿಚಾರಿಸಿ. ಆ ಲಸಿಕೆ ಕೆಲಸ ಮಾಡೋದೂ ಗಿಣ್ಣಿನ ಮೂಲಕಾನೇ, ಕರು ಅದನ್ನ ಕುಡೀಲಿಲ್ಲ ಅಂದ್ರೆ ಲಸಿಕೆ ದುಡ್ಡು ದಂಡ.

ಇನ್ನೆರಡು ಪ್ರಶ್ನೆ

ಮನೆ ಮಕ್ಕಳಿಗೆ ಬರತ್ತಾ? ಕರುವಿನ ಈ ಭೇದಿಯಿಂದ ಕೋವಿಡ್ ಬರಲ್ಲ. ಮನುಷ್ಯರಿಗೆ ಸಾದಾ ನೆಗಡಿ ತರೋ ಕೊರೊನಾಗಳಲ್ಲಿ ಒಂದು ಇದರ ಹತ್ತಿರದ ನೆಂಟ, ಅದು ಬೇರೆ ವಿಷಯ. ಆದ್ರೆ ಕರು ಭೇದಿಯಲ್ಲಿ ಕ್ರಿಪ್ಟೋ, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇದ್ರೆ ಅವು ಮನುಷ್ಯರಿಗೆ ಖಂಡಿತ ಬರ್ತವೆ, ಯಾವುದಿದೆ ಅಂತ ನೋಡಿ ಹೇಳೋಕಾಗಲ್ಲ, ಹಾಗಾಗಿ ಚಿಕ್ಕ ಮಕ್ಕಳು, ಗರ್ಭಿಣಿಯರು ಭೇದಿ ಕರುನ ಮುಟ್ಟೋದು ಬೇಡ, ಮಿಕ್ಕೋರು ಸೋಪು ಹಾಕಿ ಕೈ ತೊಳೀರಿ.

ಎಮ್ಮೆ ಕರುಗೂ ಇದೇನಾ? ಕೊರೊನಾ, ರೋಟಾ ಎರಡೂ ಎಮ್ಮೆ ಕರುಗೂ ಬರತ್ತೆ, ಆರೈಕೆ ಇದೇ. ಜೊತೆಗೆ ಎಮ್ಮೆ ಕರುಗಳಲ್ಲಿ ತಾಯಿ ಹಾಲಿಂದಲೇ ಬರೋ ದೊಡ್ಡ ದುಂಡುಹುಳದ ಕಾಟ ಜಾಸ್ತಿ, ಅದರಲ್ಲೂ ಭೇದಿ ಆಗತ್ತೆ, ಸಗಣಿ ವಾಸನೆ ಕೆಟ್ಟದಾಗಿರತ್ತೆ, ಹೊಟ್ಟೆ ಉಬ್ಬಿರತ್ತೆ. ಹುಟ್ಟಿದ ಹತ್ತರಿಂದ ಹದಿನಾಲ್ಕು ದಿನದ ಹೊತ್ತಿಗೆ ಮೊದಲ ಜಂತುಹುಳದ ಔಷಧಿ ಹಾಕಿಸಿ, ಕರು ಆಗ ಭೇದಿಯಿಂದ ಸುಸ್ತಾಗಿದ್ರೆ ಯಾವ ದಿನ ಹಾಕ್ಬೇಕು ಅಂತ ಡಾಕ್ಟ್ರನ್ನ ಕೇಳ್ಕೊಳ್ಳಿ.